ಓಡಿ ಮೆಟ್ಟಿಲು ಹತ್ತಿದ ಅಜ್ಜಿ

"ನನ್ನ ಮೆಟ್ಟಿಲು ಎಲ್ರೀ?"

ಅವಳು ಕೇಳಿದ ರಭಸಕ್ಕೆ ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ತೆಗೆದೆ," ಎಂದ ಅವನು.

ಅಷ್ಟೇ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅವಳು ಅನಿಮೇಟರ್. ಹಳೆಯ ಕನ್ಸೋಲ್‌ಗೆಂದು, ಅಂದರೆ ಆಟ ಆಡಿಸುವ ಯಂತ್ರಕ್ಕೆಂದು, ಮಾಡಿದ ವಿಡಿಯೋ ಗೇಮನ್ನು ಹೊಸ ಕನ್ಸೋಲ್‌ಗೆ ಒಗ್ಗಿಸಿಕೊಡಲು ಬಂದ ಇಂಜಿನಿಯರ್ ಅವನು. ಬಂದ ದಿನವೇ ಗೇಮಿಗೆ ಅವಳು ಬರೆದಿದ್ದ ಮಂಜಿನ ಚಿತ್ರವನ್ನು ಕತ್ತರಿಸಿ ಹಾಕಿದ್ದ. ಅಂದಿನಿಂದ ಅವಳ ಬಾಯಲ್ಲಿ ಅವನ ಹೆಸರು 'ಕತ್ತರಿ'. ಜಗಳವಾಡುತ್ತಲೇ ಇಬ್ಬರ ಕುರ್ಚಿಗಳು ಹತ್ತಿರವಾಗಿದ್ದವು. ಅವನು ಕಿತ್ತಳೆ ಸುಲಿದರೆ ಅರ್ಧ ತಾನಾಗಿಯೇ ಅವಳ ಮೇಜಿಗೆ ಬರುತ್ತಿತ್ತು. ಅದಕ್ಕೇ ಈ ಪೆಟ್ಟು ಹೆಚ್ಚು ನೋಯಿಸಿತು.

ಗೇಮಿನಲ್ಲಿ ಅಜ್ಜಿ, ಮೊಮ್ಮಗಳು ಒಂದು ಗೋಪುರ ಹತ್ತುತ್ತಾರೆ. ಹಳೆಯ ಕನ್ಸೋಲ್ ಮುಂದಿನ ಮಹಡಿಯನ್ನು ತೆರೆಯಲು ಆಕಳಿಸಿಕೊಂಡು ಹೊತ್ತು ಮಾಡುತ್ತಿತ್ತು. ಆಡುವವರಿಗೆ ಬೇಸರವಾಗದಿರಲೆಂದು ಅವಳು ನಡುವೆ ಮೆಟ್ಟಿಲು ಕಟ್ಟಿದ್ದಳು. ಹತ್ತುವಾಗ ಅಜ್ಜಿ ಮಾತಾಡುತ್ತಾಳೆ. ಆ ಮಾತುಗಳೆಲ್ಲ ಅವಳನ್ನು ಸಾಕಿ ಬೆಳೆಸಿ ತೀರಿಕೊಂಡ ಅವಳ ಸ್ವಂತ ಅಜ್ಜಿಯವು.

ಹೊಸ ಕನ್ಸೋಲ್‌ಗೆ ಆ ಹೊತ್ತು ಬೇಕಿಲ್ಲ. ಬಾಗಿಲು ತೆಗೆದರೆ ಮುಂದಿನ ಮಹಡಿ! ಆಟ ಚುರುಕಾಯಿತೆಂದು ಬಾಸ್‌ಗೆ ಖುಷಿಯೋ ಖುಷಿ. ನಾಳೆ ಕೊನೆಯ ಪ್ರತಿ ಹೊರಟರೆ ಅಜ್ಜಿಯ ಮಾತು ಶಾಶ್ವತವಾಗಿ ಹೋದ ಹಾಗೆ.

ಅಜ್ಜಿಯ ವಿಷಯ ಇವನೊಬ್ಬನಿಗೇ ಹೇಳಿದ್ದೆ... ಇವನೇ ಹೀಗೆ ಮಾಡಿದನಲ್ಲ!

ಅವಳು ಮಾತು ಬಿಟ್ಟಳು. ಕೆಲಸವಾದರೂ ಸಮಾಧಾನ ಕೊಟ್ಟಿತೇ? ಹೊಸ ಕಂಟ್ರೋಲರ್‌ನಲ್ಲಿ ಗುಂಡಿಗಳು ಅದಲುಬದಲಾಗಿ, ನೆಗೆಯಬೇಕಾದ ಮೊಮ್ಮಗಳು ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಒಂದು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ತಲೆ ಚಿಟ್ಟು ಹಿಡಿದು, ಕೊನೆಗೆ ಮೆಟ್ಟಿಲನ್ನು ತಾನೇ ವಾಪಸ್ ಸೇರಿಸಿ, ಟೆಸ್ಟಿಂಗ್ ಕೋಣೆಯಲ್ಲಿ ಆಡಿ ನೋಡಿದಳು.

ಕೋಲೂರುವ ಅಜ್ಜಿ, ನಾಯಿ ಅಟ್ಟಿಸಿಕೊಂಡು ಬಂದಂತೆ ದಡದಡನೆ ಮೆಟ್ಟಿಲು ಹತ್ತಿ ಓಡಿದಳು! ಮಾತು ಅರ್ಧಕ್ಕೇ ತುಂಡಾಯಿತು.

ಅವಳಿಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ತಪ್ಪು ತನ್ನದೇ. ಹಳೆಯ ಯಂತ್ರ ಚಿತ್ರ ಬದಲಿಸುವ ವೇಗಕ್ಕೆ ಅಜ್ಜಿಯ ಹೆಜ್ಜೆಯನ್ನು ಗಂಟುಹಾಕಿದ್ದಳು. ಹೊಸದರ ವೇಗ ಅದರ ಎರಡರಷ್ಟು.

ಬಾಗಿಲಲ್ಲಿ ಅವನು ನಿಂತಿದ್ದ.

"ನಿಮಗೆ ಗೊತ್ತಿತ್ತಾ?" ಕಣ್ಣೊರೆಸಿಕೊಂಡಳು.

"ಗೊತ್ತಿತ್ತು. ಇಲ್ಲಿ ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. ನಿಮ್ಮ ಅಜ್ಜೀನ ನೋಡಿ ಜನ ನಗೋದು ನನ್ನ ಕೈಲಿ ನೋಡೋಕಾಗಲಿಲ್ಲ. ತಪ್ಪು ನಿಮ್ಮದು ಅಂತ ಹೇಳೋಕೂ ಬಾಯಿ ಬರಲಿಲ್ಲ... ತೆಗೆದುಬಿಟ್ಟೆ."

ಕರಗಬೇಕಿತ್ತು. ಕರಗಿದಳು ಕೂಡ. ಆದರೆ ಕೋಪ ಇಳಿಯಲಿಲ್ಲ.

"ನನಗೋಸ್ಕರ ತೀರ್ಮಾನ ಮಾಡೋಕೆ ನೀವ್ಯಾರ್ರೀ? ತಪ್ಪಾದ್ರೆ ತಪ್ಪು ಅನ್ನಿ, ಕೂತು ಸರಿಮಾಡ್ತೀನಿ. ಮುಚ್ಚಿಟ್ಟು ನನ್ನ ಕಾಪಾಡ್ಬೇಡಿ."

ಅವನು ತಲೆಯಾಡಿಸಿದ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

ಒಂದೊಂದೇ ಹೆಜ್ಜೆ ಬಿಡಿಸಿ, ಗಡಿಯಾರದ ವೇಗಕ್ಕೆ ಹೊಂದಿಸಿ ಕಟ್ಟಿದರು. ಯಂತ್ರಕ್ಕೆ ಬೇಡದ ಮೆಟ್ಟಿಲು ಯಾಕೆ ಎಂದು ಬಾಸ್ ರೇಗಿದಾಗ, ಆಡುವವರಿಗೆ ಬೇಕು ಎಂದು ಅವಳೇ ವಾದಿಸಿದಳು. ಅವನು ದನಿಗೂಡಿಸಿದ. ಬಾಸ್ ಗೊಣಗುತ್ತಲೇ ಒಪ್ಪಿದರು.

ಸಂಜೆ ಅಜ್ಜಿ ಕೋಲೂರಿಕೊಂಡು, ಮಾತಾಡುತ್ತ, ನಿಧಾನವಾಗಿ ಹತ್ತಿದಳು. ಇಬ್ಬರೂ ಕೊನೆಯ ಮೆಟ್ಟಿಲಿನವರೆಗೆ ಕೇಳಿದರು.

"ಇಲ್ಲಿ ನನ್ನ ಕೆಲಸ ಮುಗೀತು," ಎಂದ ಅವನು. "ಹೋಗೋಕೆ ಮಾತ್ರ ಮನಸ್ಸಿಲ್ಲ... ನೀವಂದ್ರೆ ನನಗೆ ತುಂಬಾ ಇಷ್ಟ. ತಪ್ಪಾದ್ರೆ ತಪ್ಪು ಅನ್ನಿ ಅಂದ್ರಲ್ಲ, ಜೀವನಪೂರ್ತಿ ಅಂತಾ ಇರ್ಲಾ?"

ಇದನ್ನು ಹೇಳಲು ಇಷ್ಟು ದಿನ ಬೇಕಾಯಿತೇ, ಮಹರಾಯ!

"ಅನ್ನು," ಎಂದಳು. ಮೊದಲ ಸಲ ಅವಳ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

"ಹಾಗಾದ್ರೆ ಈಗ್ಲೇ ಒಂದು. ನನ್ನ ಜೊತೆ ಮಾತು ಬಿಟ್ಟಿದ್ದು ತಪ್ಪು."

"ಒಪ್ಕೊಂಡೆ," ಎಂದು ಅವಳು ಅವನ ಕೈ ಹಿಡಿದುಕೊಂಡಳು.