ಗೆರೆಯೊಳಗಿನ ಮನೆ

“ರೀ... ನಿಲ್ರಿ! ನನ್ನ ಪಾಯದಾಗ ಗೂಟ ಯಾಕ ಹೊಡೀತೀರಿ?”

ಹಂಪಸಾಗರದಲ್ಲಿ ಬಸ್ಸಿಳಿದ ಸಮತಾ ಹೊಳೆ ದಂಡೆಯ ತನ್ನ ಜಾಗಕ್ಕೆ ಓಡಿಯೇ ಬಂದಿದ್ದಳು. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು, ಅವ್ವನಿಗೊಂದು ಗಟ್ಟಿ ಮನೆ ಕಟ್ಟಿಸಬೇಕೆಂದು ಹಾಕಿಸಿದ ಪಾಯ ಅದು. ಅದರ ನಟ್ಟನಡುವೆ ಯಾರೋ ಒಬ್ಬ ಕೆಂಪು ಗೂಟ ನೆಡುತ್ತಿದ್ದ!

ಅವನು ತಲೆ ಎತ್ತಿದ. ಬಿಸಿಲಿಗೆ ಕಂದಿದ ಮುಖ... ಸಿಟ್ಟೇ ಗೊತ್ತಿಲ್ಲದಂಥ ಕಣ್ಣುಗಳು.

“ನಾನು ಕ್ರಾಂತಿಕುಮಾರ್ ರಿ, ಸರ್ವೆ ಎಂಜಿನಿಯರ್. ಪ್ರವಾಹದ ನಕ್ಷಿ ಹೊಸದಾಗಿ ಮಾಡಾಕತ್ತೀವಿ. ಹಳೇದು ಬಾಳ ವರ್ಷದ್ದು. ಹೊಳಿ ಉಕ್ಕಿದ್ರ ನೀರು ಎಲ್ಲಿತನಕ ಬರತೈತೋ ಅಲ್ಲಿತನಕ ಗೆರಿ. ನಿಮ್ಮ ಜಾಗ ಒಳಗ ಬಂದೈತಿ.”

“ಬಂದ್ರ ಏನಾತು?”

ಅವನು ಸುತ್ತಿಗೆ ಕೆಳಗಿಟ್ಟ.

“ಇಲ್ಲಿ ಮನಿ ಕಟ್ಟಾಕ ಪರವಾನಗಿ ಸಿಗೂದಿಲ್ರಿ.”

ಎಷ್ಟು ರಾತ್ರಿ ಪಾಳಿಗಳ ಕನಸು! ಸಮತಾ ಬಾಗಿದವಳೇ ಗೂಟ ಕಿತ್ತು ಅವನ ಕಾಲ ಬಳಿ ಎಸೆದಳು.

“ತಗೊಂಡ್ ಹೋಗ್ರಿ ನಿಮ್ಮ ಗೆರಿ!”

ಬೈಯುತ್ತಾನೆ ಅಂದುಕೊಂಡಳು. ಅವನು ಗೂಟದ ಮಣ್ಣು ಒರೆಸಿ ಎತ್ತಿಕೊಂಡ.

“ತಕರಾರು ಕೊಡ್ರಿ. ಮತ್ತೊಮ್ಮೆ ಅಳೀತೀವಿ. ಇಲ್ಲಿಗೆ ನಾನಾ ಬರ್ತೀನಿ.”

ಹೇಳಿದಂತೆ ಬಂದ. ಒಮ್ಮೆಯಲ್ಲ, ಹಲವು ಸಲ ಬಂದ.

ಮಂಡಿ ನೋವಿನಿಂದ ಹೆಚ್ಚು ನಡೆಯಲಾರದ ಅವ್ವ ಬಸಲಿಂಗಮ್ಮನಿಗೆ ಅವನು ಬಂದರೆ ಹಬ್ಬ. ಅಳತೆ ಮುಗಿಸಿ ಹೊರಟವನನ್ನು ಕೂಗಿ ಕರೆದು ರೊಟ್ಟಿ ಬಡಿಸುತ್ತಿದ್ದಳು. ಉಂಡ ತಟ್ಟೆಯನ್ನು ಅವನೇ ತೊಳೆದಿಡುತ್ತಿದ್ದ. ಪಕ್ಕದ ಮನೆಯ ಪಾಲಣ್ಣ ಬೇಲಿಯಾಚೆಯಿಂದ ಬೈಯುತ್ತಿದ್ದ.

“ನಿನ್ನ ಗೆರಿ ನೋಡಿ ನನ್ನ ಹೊಳಿ ದಂಡಿ ಜಾಗ ಕೊಳ್ಳಾಕ ಬಂದಾಂವ ಓಡಿ ಹೋದ! ಯಾರಿಗೆ ಮಾರ್ಲಿ ಇದನ್ನ?”

“ನಿಮ್ಮ ಸಂಕಟ ತಿಳೀತೈತಿ ಅಣ್ಣಾರ...” ಎನ್ನುತ್ತಿದ್ದ ಕ್ರಾಂತಿ. ಎದುರಾಡುತ್ತಿರಲಿಲ್ಲ.

‘ಇವನ ಮೇಲೆ ಯಾಕೆ ಸಿಟ್ಟು ನಿಲ್ಲುತ್ತಿಲ್ಲ...?’ ಸಮತಾಳಿಗೆ ತನ್ನ ಮೇಲೆಯೇ ಮುನಿಸು.

ಒಂದು ಸಂಜೆ ದಂಡೆಯಲ್ಲಿ ಮೆಲ್ಲಗೆ ಕೇಳಿದಳು. “ಗೆರಿ ಸರೀತೈತೇನ್ರಿ?”

“ಸರೀಲಿ ಅಂತ ನನಗೂ ಆಸಿ ಐತ್ರಿ... ಬಾಳ ಆಸಿ.”

ಅವನ ಕಣ್ಣು ಅವಳ ಮೇಲೆಯೇ ಇತ್ತು. ಸಮತಾ ಹೊಳೆಯ ಕಡೆ ಮುಖ ತಿರುಗಿಸಿದಳು. ಕೆನ್ನೆ ಬಿಸಿಯಾಗಿತ್ತು!

ಕೊನೆಗೂ ಹೊಸ ನಕ್ಷೆ ಪಂಚಾಯ್ತಿಯ ಗೋಡೆಗೆ ಬಂತು.

ಗೆರೆ ಸರಿದಿತ್ತು. ಆದರೆ ಹಿಂದಕ್ಕಲ್ಲ... ಊರ ಕಡೆಗೆ! ಪಾಯವಷ್ಟೇ ಅಲ್ಲ, ಈಗ ಅವ್ವ ಇರುವ ಹಳೆಯ ಮನೆಯೂ ಗೆರೆಯೊಳಗೆ!

ಅಲ್ಲಿಂದಲೇ ಕ್ರಾಂತಿಗೆ ಫೋನ್ ಮಾಡಿದಳು.

“ನಮ್ಮ ಮನ್ಯಾಗ ಉಂಡು ನಮ್ಮ ಮನೀನ ಮುಳುಗಿಸಿದ್ರಲ್ರಿ! ನಿಮ್ಮನ್ನ ನಂಬಿದ್ದೆ ನಾನು...”

“ಸಮತಾ, ಒಂದೆರಡು ಸಲ ಅಲ್ಲ, ಬಾಳ ಸಲ ನೋಡೀನಿ. ನೀರು ಅಲ್ಲಿತನಕ ಬರತೈತಿ. ನೀವು ನೊಂದ್ಕೊಂತೀರಂತ ನಾ ಸುಳ್ಳು ಗೆರಿ ಎಳದ್ರ, ಅದರ ಈಚಿಗೆ ನೀರು ಬರೂದಿಲ್ಲಂತ ಅವ್ವ ನಂಬಿ ಮಲಗ್ತಾರ.”

ಅವಳು ಫೋನ್ ಇಟ್ಟಳು. ನಂಬರನ್ನೂ ಬ್ಲಾಕ್ ಮಾಡಿದಳು. ಆ ರಾತ್ರಿ ಅತ್ತದ್ದು ಮನೆಗೋ, ಅವನಿಗೋ... ಅವಳಿಗೇ ತಿಳಿಯಲಿಲ್ಲ.

ಮಳೆಗಾಲ ಬಂತು. ಮೇಲಿನ ಅಣೆಕಟ್ಟುಗಳು ತುಂಬಿದವು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಸುದ್ದಿ ಹಬ್ಬಿತು. ಹೊಳೆಗೆ ಹಿಂದೆಂದೂ ಕಾಣದಷ್ಟು ನೀರು ಬಿಟ್ಟಿದ್ದಾರಂತೆ... ಹಂಪಸಾಗರದ ಕೆಳಗಿನ ಓಣಿಗೆ ನುಗ್ಗಿದೆಯಂತೆ!

ಅವ್ವನ ಫೋನ್ ಸ್ವಿಚ್ ಆಫ್.

ಊರ ಹೊರಗೇ ಬಸ್ಸು ನಿಂತಿತು. ಸಮತಾ ಕೆಸರಿನಲ್ಲಿ ಓಡಿದಳು. ಓಣಿಯಿದ್ದಲ್ಲಿ ಕೆಂಪು ನೀರು ಹೊಳೆಯುತ್ತಿತ್ತು. ತಮ್ಮ ಮನೆಯ ಸೂರು ಮಾತ್ರ ಕಾಣುತ್ತಿತ್ತು...

“ಅವ್ವಾ...!” ನೀರಿಗೆ ಇಳಿಯಹೋಗಿ ಕೆಸರಿನಲ್ಲಿ ಜಾರಿ ಬಿದ್ದಳು.

“ಏಳವ್ವ, ಏಳು! ನಿಮ್ಮವ್ವ ಸಾಲ್ಯಾಗ ಅದಾಳ, ಆರಾಮ ಅದಾಳ!” ಪಾಲಣ್ಣ ಅವಳನ್ನು ಹಿಡಿದೆತ್ತಿದ. “ಹೊಸ ನಕ್ಷಿ ಹಿಡಿದು ಸರಕಾರದೋರು ಗೆರಿ ಒಳಗಿನ ಮನಿಯೋರ್ನೆಲ್ಲ ಮುಂಜಾನೇನ ದಿಬ್ಬಕ್ಕ ಕರಕೊಂಡು ಬಂದಾರ. ನಿಮ್ಮವ್ವನ್ನ ಆ ಎಂಜಿನಿಯರ್ರಾ ಬೆನ್ನ ಮ್ಯಾಲ ಹೊತ್ಕೊಂಡು ಬಂದ. ಹಳೇ ನಕ್ಷಿ ಆಗಿದ್ರ ನಮ್ಮ ಓಣಿಗೆ ಯಾರ್ ಬರ್ತಿದ್ರು? ಎಷ್ಟು ಬೈದಿದ್ದೆ ಅವನ್ನ... ಇವತ್ತು ನನ್ನ ಎಮ್ಮಿ ಸೈತ ಉಳದಾವ!”

ಶಾಲೆಯ ಪಡಸಾಲೆಯಲ್ಲಿ ಅವ್ವ ಚಹಾ ಕುಡಿಯುತ್ತ ಕುಳಿತಿದ್ದಳು. ಸಮತಾ ಅವಳ ಮಡಿಲಲ್ಲಿ ಮುಖ ಹುದುಗಿಸಿದಳು.

“ಮನಿ ಹೋತವ್ವ...” ಎಂದಳು ಬಸಲಿಂಗಮ್ಮ, ಮಗಳ ತಲೆ ಸವರುತ್ತ. “ಹೋಗ್ಲಿ ಬಿಡು. ನಾ ಅದೀನಲ್ಲ.”

‘ನಾನು ಬೇಡಿದ ಹಾಗೆ ಗೆರೆ ಹಿಂದೆ ಸರಿದಿದ್ದರೆ...?’ ಅವ್ವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕ್ರಾಂತಿ ಹೊರಗೆ ಲಾರಿಯಿಂದ ಹಾಸಿಗೆಗಳನ್ನು ಇಳಿಸುತ್ತಿದ್ದ. ಮೊಣಕಾಲತನಕ ಕೆಸರು. ಇವಳನ್ನು ಕಂಡು ನಿಂತ.

“ಅವ್ವ ಆರಾಮ ಅದಾರಂತ ಹೇಳಾಕ ಫೋನ್ ಮಾಡಿದೆ. ಹತ್ತಲಿಲ್ಲ.”

“ನಿಮ್ಮ ನಂಬರ್ನ ಬ್ಲಾಕ್...” ಕೈ ಮುಗಿದಳು.

“ಬ್ಯಾಡ್ರಿ... ನನಗ್ಯಾಕ ಕೈ ಮುಗೀತೀರಿ?” ಅವನು ಗಾಬರಿಯಾದ. “ಬಿಡ್ರಿ, ಬೈಸ್ಕೊಂಡು ರೂಢಿ ಐತಿ. ಹಡಗಲಿ ಕಡಿ ನಮ್ಮ ಮಲ್ಲಿಗಿ ತೋಟನೂ ಗೆರಿ ಒಳಗೈತಿ. ಅಲ್ಲಿ ಮನಿ ಕಟ್ಟಬೇಕಂತಿದ್ರು ಅಪ್ಪ. ಆ ಗೆರಿ ನಾನಾ ಎಳದೆ; ಆವತ್ತಿನಿಂದ ನನ್ನ ಕೂಡ ಮಾತಾಡಿಲ್ಲ.”

ಸಮತಾ ಬೆರಗಾಗಿ ನೋಡಿದಳು. “ನನಗ್ಯಾಕ ಹೇಳಲಿಲ್ಲ?”

“ನಿಮ್ಮ ದುಃಖನ ನಿಮಗ ಸಾಕಾಗಿತ್ತು. ನಂದೂ ಯಾಕ ಹೊರಸೂದು?”

ಅವಳು ಅವನ ಕೈಯಲ್ಲಿದ್ದ ಹಾಸಿಗೆಯ ಒಂದು ಅಂಚು ತಾನು ಹಿಡಿದಳು. ಕತ್ತಲಾಗುವವರೆಗೆ ಇಬ್ಬರೂ ಜೊತೆಗೇ ಹೊತ್ತರು.

ನೀರಿಳಿಯಿತು. ಗೆರೆಯೊಳಗಿನವರಿಗೆ ಶಾಲೆಯ ಹಿಂದಿನ ದಿಬ್ಬದಲ್ಲಿ ಬದಲಿ ಜಾಗ ಕೊಟ್ಟರು. ಕೆಲವರಿಗೆ ಹೊಳೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಪಾಲಣ್ಣ ಮಾತ್ರ ಎಲ್ಲರಿಗಿಂತ ಮೊದಲು ಎಮ್ಮೆ ಕಟ್ಟಿದ!

ಅವ್ವನ ಹೊಸ ಜಾಗದಲ್ಲಿ ಎಳೆಬಿಸಿಲು; ಕ್ರಾಂತಿ ಪಾಯಕ್ಕೆ ಅಳತೆ ಹಿಡಿದಿದ್ದ. ದೂರದಲ್ಲಿ ಹೊಳೆ ತಣ್ಣಗೆ ಹರಿಯುತ್ತಿತ್ತು.

“ನಾಳಿ ಹಡಗಲಿಗೆ ಹೋಗೂಣು,” ಎಂದಳು ಸಮತಾ ಥಟ್ಟನೆ.

“ಯಾಕ್ರಿ?” ಕ್ರಾಂತಿ ಕಣ್ಣರಳಿಸಿದ.

“ನಿಮ್ಮ ಅಪ್ಪಾರಿಗೆ ಹೇಳ್ಬೇಕು. ನಿಮ್ಮ ಮಗನ ದೆಸಿಂದ ನಮ್ಮವ್ವ ಉಳದಾಳಂತ.”

“ಅಷ್ಟಾ...?”

“ಮತ್ತ...” ಅವಳ ದನಿ ಸಣ್ಣದಾಯಿತು. “ಆ ಮಗನ್ನ ನನಗ ಕೊಡ್ರಿ ಅಂತ ಕೇಳ್ಬೇಕು.”

ಅವನು ತುಂಬಿ ಬಂದ ಕಣ್ಣನ್ನು ತೋಳಿನಿಂದ ಒರೆಸಿಕೊಂಡ.

“ಅಪ್ಪ ಒಪ್ಪಲಿಲ್ಲಂದ್ರ?”

“ಒಪ್ಪೂತನಕ ತೋಟದಾಗ ಮಲ್ಲಿಗಿ ಮಗ್ಗಿ ಬಿಡಿಸ್ಕೊಂತ ಕುಂದರ್ತೀನಿ!”

“ಸಮತಾ...”

“ಹೂಂ?”

“ನಾನೂ ಬಾಜೂಕ ಕುಂದರ್ತೀನಿ.”