ಹನ್ನೆರಡು ಮೀಟರ್, ನಡುಗುವ ಕೈ

"ಗನ್ ಇಳಿಸು."

ಅವನ ಎಡಗೈ ಹುಡುಗಿಯ ಕುತ್ತಿಗೆಯನ್ನು ಸುತ್ತಿತ್ತು. ಬಲಗೈಯಲ್ಲಿ ರಟ್ಟಿನ ಡಬ್ಬ ಕೊಯ್ಯುವ ಚಾಕು. ಅದರ ತುದಿ ಅವಳ ಕಿವಿಯ ಕೆಳಗೆ ಒತ್ತಿಕೊಂಡಿತ್ತು.

ಲಾರಿಗಳಿಗೆ ಸರಕು ತುಂಬುವ ಉದ್ದನೆಯ ಕಟ್ಟೆ. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವರಿಬ್ಬರು. ನಡುವೆ ಹನ್ನೆರಡು ಮೀಟರ್.

ನನ್ನ ಪಿಸ್ತೂಲು ಅವನ ಕಡೆಗಿತ್ತು. ಕೈ ನಡುಗುತ್ತಿತ್ತು.

ಹೆದರಿಕೆ ಇರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ... ಆದರೆ ನನ್ನ ನಡುಕಕ್ಕೆ ಹೆದರಿಕೆಯ ಹಂಗಿಲ್ಲ. ನಮ್ಮ ತಾಯಿಯ ಕಡೆಯವರಿಗೆ ನಲವತ್ತು ದಾಟಿದರೆ ಬರುತ್ತದೆ. ಲೋಟ ಹಿಡಿದರೆ ನೀರು ಚೆಲ್ಲುತ್ತದೆ. ಪಿಸ್ತೂಲು ಹಿಡಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಅವನಿಗೆ ಊಹಿಸುವ ಅಗತ್ಯವೂ ಇರಲಿಲ್ಲ.

ಅವನು ಈ ಔಷಧಿ ಫ್ಯಾಕ್ಟರಿಯ ಸೆಕ್ಯುರಿಟಿ ಮುಖ್ಯಸ್ಥ. ಐದು ವರ್ಷದ ಹಿಂದೆ ನಾವಿಬ್ಬರೂ ಒಂದೇ ಪೊಲೀಸ್ ಸ್ಟೇಷನ್ನಿನಲ್ಲಿದ್ದೆವು. ಶೂಟಿಂಗ್ ಪರೀಕ್ಷೆಯಲ್ಲಿ ನಾನು ಹತ್ತಕ್ಕೆ ಹತ್ತೂ ಗುಂಡನ್ನು ಗೋಡೆಗೆ ಹೊಡೆದ ದಿನ ಪಕ್ಕದಲ್ಲಿ ನಿಂತು ನಕ್ಕವನು ಅವನೇ. ಅವತ್ತು ಸಂಜೆ ರಾಜೀನಾಮೆ ಬರೆದೆ. ಆಮೇಲೆ ಖಾಸಗಿ ಪತ್ತೇದಾರಿಕೆ.

"ನಿನ್ನ ಕೈ ನೋಡ್ಕೋ," ಅಂದ. "ನೀನು ಹೊಡೆದ್ರೆ ಇವಳಿಗೇ ಬೀಳೋದು."

ಹುಡುಗಿ ಅದೇ ಫ್ಯಾಕ್ಟರಿಯ ಲ್ಯಾಬಿನವಳು. ಮಕ್ಕಳ ಜ್ವರದ ಸಿರಪ್ಪಿನಲ್ಲಿ ವಿಷ ಬೆರೆತಿದೆ ಅಂತ ಮೊದಲು ಕಂಡುಹಿಡಿದವಳು. ಹನ್ನೊಂದು ಗಂಟೆಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಅವಳನ್ನು ಜೋಪಾನವಾಗಿ ಅಲ್ಲಿಗೆ ಮುಟ್ಟಿಸಲು ಅವಳ ಅಣ್ಣ ನನ್ನನ್ನು ಗೊತ್ತು ಮಾಡಿದ್ದ.

ನೇರವಾಗಿ ಕೋರ್ಟಿಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಮೇಡಂ, ನನ್ನ ನೋಟ್‌ಬುಕ್ ಲ್ಯಾಬಲ್ಲೇ ಇದೆ," ಅಂದಿದ್ದಳು ಕಾರಿನಲ್ಲಿ. "ಅದಿಲ್ದೆ ನನ್ನ ಮಾತು ಯಾರು ನಂಬ್ತಾರೆ?"

"ಅಲ್ಲಿ ಸಿಕ್ಕಿಬಿದ್ರೆ ಆಮೇಲೆ ನಿನ್ನನ್ನೇ ಯಾರೂ ನೋಡಲ್ಲ."

"ಸತ್ತ ಮಕ್ಕಳು ಹದಿಮೂರು, ಮೇಡಂ."

ನಾನು ಕಾರು ತಿರುಗಿಸಿದೆ.

ಹಿಂದಿನ ಗೇಟಿನಿಂದ ನುಗ್ಗಿದೆವು. ನೋಟ್‌ಬುಕ್ ಸಿಕ್ಕಿತು. ಹೊರಗೆ ಕಾಲಿಡುವಷ್ಟರಲ್ಲಿ ಸೈರನ್ ಕೂಗಿತು. ಪ್ಯಾಕಿಂಗ್ ಹಾಲಿನಲ್ಲಿ ಬಾಟಲಿಗಳ ಸಾಲಿನ ನಡುವೆ ಓಡಿದೆವು. ಹಿಂದೆ ಇಬ್ಬರು ಗಾರ್ಡುಗಳು. ಒಬ್ಬನ ಮೇಲೆ ಖಾಲಿ ಡಬ್ಬಗಳ ರಾಶಿ ಕೆಡವಿದೆ. ಇನ್ನೊಬ್ಬನ ಮೂಗಿಗೆ ನನ್ನ ಮೊಣಕೈ ಬಿತ್ತು. ಅಷ್ಟರಲ್ಲಿ ಹುಡುಗಿ ಮುಂದೆ ಓಡಿ ಕಟ್ಟೆ ಸೇರಿದ್ದಳು.

ಅವನು ಅಲ್ಲಿ ಕಾಯುತ್ತಿದ್ದ.

"ನೋಟ್‌ಬುಕ್ ನನ್ಹತ್ರ ಇದೆ. ಹುಡುಗೀನೂ ಇದ್ದಾಳೆ. ನೀನು ಮನೆಗೆ ಹೋಗು," ಅಂದ.

ನಾನು ಹಿಡಿತ ಬಿಗಿ ಮಾಡಿದೆ. ಪಿಸ್ತೂಲಿನ ಮೂತಿ ಅವನ ಭುಜದಿಂದ ಅವಳ ಹಣೆಗೆ, ಹಣೆಯಿಂದ ಗೋಡೆಗೆ ಜಿಗಿಯಿತು.

ತಪ್ಪು. ಅದೇ ಹಳೇ ತಪ್ಪು.

ಚಿಕ್ಕಮ್ಮ ನೋಡಿದ್ದರೆ ಬೆನ್ನಿಗೆ ಗುದ್ದುತ್ತಿದ್ದಳು.

ಚಿಕ್ಕಮ್ಮನಿಗೆ ಅರವತ್ತೆಂಟು. ಒಂದು ಶೂಟಿಂಗ್ ಕ್ಲಬ್ಬಿನ ಕೋಚು. ಅವಳ ಕೈಯೂ ನಡುಗುತ್ತದೆ, ನನಗಿಂತ ಜಾಸ್ತಿ. ಕಾಫಿ ಕೊಟ್ಟರೆ ಅರ್ಧವನ್ನು ಸೀರೆಯೇ ಕುಡಿಯುತ್ತದೆ. ಆದರೆ ಅವಳು ಹೊಡೆದ ಗುರಿಕಾಗದ ತಂದು ನೋಡಿದರೆ ತೂತುಗಳೆಲ್ಲ ನಡುಮಧ್ಯೆ. ರಾಜೀನಾಮೆ ಕೊಟ್ಟು ಮೂರು ತಿಂಗಳು ಮನೆಯಲ್ಲಿ ಬಿದ್ದುಕೊಂಡಿದ್ದ ನನ್ನನ್ನು ಎಳೆದುಕೊಂಡು ಹೋದವಳು ಅವಳೇ.

"ನಡುಕ ನಿಲ್ಸೋಕೆ ಹೋಗ್ಬೇಡ ಕಣೇ," ಅಂದಿದ್ದಳು. "ಹಿಸುಕಿದಷ್ಟೂ ಅದು ಕುಣಿಯುತ್ತೆ. ಕಪ್ಪು ವೃತ್ತದ ಒಳಗೇ ಅಲ್ಲಾಡ್ತಿದೆ ತಾನೆ? ಅಲ್ಲಾಡ್ಲಿ ಬಿಡು."

"ಗುಂಡು ಎಲ್ಲೋ ಹೋಗುತ್ತಲ್ಲ ಚಿಕ್ಕಮ್ಮಾ."

"ಅದು ನಡುಕದಿಂದಲ್ಲ. ಈಗ ಸರಿಯಾಗಿ ಬಂತು ಅಂತ ಗಬಕ್ಕನೆ ಎಳೀತೀಯಲ್ಲ, ಅದ್ರಿಂದ. ಉಸಿರು ಬಿಡು. ಬೆರಳು ಮೆತ್ತಗೆ ಒತ್ತು. ಎಂಟು ಎಣಿಸೋದ್ರೊಳಗೆ ಹಾರ್ಲಿಲ್ವಾ, ಕೈ ಇಳಿಸಿಬಿಡು. ಇಳಿಸೋಕೆ ನಾಚ್ಕೋಬಾರ್ದು. ಹಟ ಹಿಡಿದವರೇ ಗೋಡೆಗೆ ಹೊಡೆಯೋದು."

ನಾಲ್ಕು ವರ್ಷ ಕಲಿಸಿದಳು. ಗುಂಡು ಹಾರಿಸಿದ್ದಕ್ಕಿಂತ ಕೈ ಇಳಿಸಿದ್ದೇ ಹೆಚ್ಚು.

ಕಟ್ಟೆಯ ಮೇಲೆ ನಾನು ಎಣಿಸುತ್ತಿದ್ದೆ. ಆರು... ಏಳು... ಎಂಟು.

ಕೈ ಇಳಿಸಿದೆ.

ಹುಡುಗಿಯ ಕಣ್ಣು ನನ್ನನ್ನು ನೋಡಿದ ರೀತಿ ಈಗಲೂ ಮರೆತಿಲ್ಲ. ಕೈಬಿಟ್ಟಿರಾ ಅಂತ ಕೇಳುವ ಹಾಗಿತ್ತು.

ಅವನು ನಕ್ಕ. ಐದು ವರ್ಷದ ಹಿಂದಿನ ಅದೇ ನಗು. "ಅವತ್ತೇ ಹೇಳ್ದೆ, ಇದು ನಿನ್ನ ಕೈಲಾಗೋ ಕೆಲ್ಸ ಅಲ್ಲ ಅಂತ."

ಮಾತಾಡುತ್ತಲೇ ಅವಳನ್ನು ಕಟ್ಟೆಯ ಪಕ್ಕ ನಿಂತಿದ್ದ ತನ್ನ ಕಾರಿನ ಕಡೆ ಎಳೆದ. ನನ್ನ ಕತೆ ಮುಗಿಯಿತು ಅಂದುಕೊಂಡಿದ್ದ. ಬಾಗಿಲು ತೆಗೆಯಲು ಚಾಕು ಹಿಡಿದ ಕೈಯನ್ನೇ ಹಿಡಿಕೆಗೆ ಚಾಚಿದ. ಅವನ ಬಲಭುಜ ಅವಳಿಂದ ದೂರ ಸರಿಯಿತು. ಒಂದು ಊಟದ ತಟ್ಟೆಯಷ್ಟು ಜಾಗ.

ಕೈ ಎತ್ತಿದೆ. ಉಸಿರು ಬಿಟ್ಟೆ.

ಮೂತಿ ನಡುಗುತ್ತಿತ್ತು. ತಟ್ಟೆಯ ಮೇಲಂಚು, ಕೆಳಗಂಚು, ಎಡ, ಬಲ... ಆದರೆ ತಟ್ಟೆಯ ಒಳಗೇ. ಅಲ್ಲಾಡಲಿ ಅಂತ ಬಿಟ್ಟೆ. ಬೆರಳು ಮಾತ್ರ ಮೆತ್ತಗೆ ಹಿಂದಕ್ಕೆ ಬಂತು.

ಸದ್ದು ನನಗೇ ಆಶ್ಚರ್ಯವಾಗುವ ಹಾಗೆ ಬಂತು.

ಚಾಕು ಸಿಮೆಂಟಿನ ಮೇಲೆ ಟಣ್ ಅಂತು. ಅವನು ಕಾರಿಗೆ ಒರಗಿ ಕುಸಿದ, ಭುಜ ಹಿಡಿದುಕೊಂಡು. ಹುಡುಗಿ ಕೂಗಲೂ ಇಲ್ಲ. ಬಗ್ಗಿ ಅವನ ಕೋಟಿನಿಂದ ನೋಟ್‌ಬುಕ್ ಎಳೆದುಕೊಂಡು ನನ್ನ ಕಡೆ ನಡೆದು ಬಂದಳು. ಈಗ ಅವಳೂ ನಡುಗುತ್ತಿದ್ದಳು.

"ಟೈಮೆಷ್ಟು ಮೇಡಂ?"

"ಹತ್ತೂ ಇಪ್ಪತ್ತು."

"ಹೋಗೋಣ."

ಕೋರ್ಟಿನಲ್ಲಿ ಎರಡು ಗಂಟೆ ಕಾಲ ಸಾಕ್ಷಿ ಹೇಳಿದಳು. ಒಂದು ಪುಟವನ್ನೂ ಬಿಡಲಿಲ್ಲ. ಫ್ಯಾಕ್ಟರಿ ಮಾಲೀಕ ಅವತ್ತೇ ಜೈಲಿಗೆ ಹೋದ. ಭುಜಕ್ಕೆ ಗುಂಡು ಬಿದ್ದವನು ಹದಿನೈದು ದಿನ ಬಿಟ್ಟು ಆಸ್ಪತ್ರೆಯಿಂದ ಅಲ್ಲಿಗೇ ಹೋದ.

ನನ್ನನ್ನು ಸ್ಟೇಷನ್ನಿಗೆ ಕರೆದರು. ಹೇಳಿಕೆಯ ಮೂರು ಹಾಳೆ, ಮೂರಕ್ಕೂ ಸಹಿ ಹಾಕಿದೆ. ಇನ್ಸ್‌ಪೆಕ್ಟರ್ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದ.

"ಮೂರು ಸಹಿ, ಮೂರು ಥರ ಇದೆ. ಒಂದು ಗೆರೆ ನೆಟ್ಟಗಿಲ್ಲ. ಇಂಥ ಕೈಯಲ್ಲಿ ಹನ್ನೆರಡು ಮೀಟರ್ ದೂರದಿಂದ ಹೊಡೆದ್ರಿ ಅಂದ್ರೆ ನಾನು ನಂಬಬೇಕಾ?"

"ನಂಬ್ಲೇಬೇಕು ಅಂತೇನಿಲ್ಲ ಸರ್," ಅಂದೆ. "ಬಾಗಿಲ ಹತ್ರ ಹೋಗಿ ನಿಂತ್ಕೊಳ್ಳಿ, ತೋರಿಸ್ತೀನಿ."