ಬಿಳಿ ಕಪಾಟಿಗೆ ಎಳೆ ಹಸಿರು

"ಬಣ್ಣದ ಹೆಸರು ಬ್ಯಾಡ್ರಿ ಮೇಡಂ. ನಂಬರ್ ಹೇಳ್ರಿ."

ಕುಶಲಾ ಅಷ್ಟು ಮುತುವರ್ಜಿಯಿಂದ ಬಿಡಿಸಿ ತೋರಿಸುತ್ತಿದ್ದ ಶೇಡ್ ಕಾರ್ಡನ್ನು ಆ ಹೊಸ ಪೇಂಟರ್ ಮಡಚಿ ಅವಳ ಕಡೆಗೇ ತಳ್ಳಿದ. ಕಾಪುವಿನ ಹೆದ್ದಾರಿ ಬದಿಯ ಪೇಂಟ್ ಅಂಗಡಿಯಲ್ಲಿ ಅವಳು ಕೌಂಟರಿಗೆ ನಿಂತು ಎರಡು ವರ್ಷವಾಗಿತ್ತು. ಕಾರ್ಡಿನ ಮೇಲೆ ಕಣ್ಣೂ ಹಾಯಿಸದೆ ಹೀಗೆ ವಾಪಸು ಕೊಟ್ಟವನು ಇವನೊಬ್ಬನೇ.

'ಎಂತ ಜಂಬ ಮಾರಾಯ ಇವನಿಗೆ...' ಎಂದುಕೊಂಡಳು. ಆದರೂ ಅವನ ಆ ದೊಡ್ಡ ಕಣ್ಣುಗಳಿಂದ ನೋಟ ಕೀಳಲು ಸ್ವಲ್ಪ ಹೊತ್ತೇ ಬೇಕಾಯಿತು.

ಅದು ೨೦೦೪ರ ಜನವರಿ. ಅವನ ಹೆಸರು ಭೀಮೇಶ, ಬಾಗಲಕೋಟೆ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವನು. ಅವಳು ಎರ್ಮಾಳಿನಿಂದ ದಿನಾ ಬಸ್ಸಿನಲ್ಲಿ ಬರುವ, ಮೀನುಗಾರರ ಮನೆಯ ಹುಡುಗಿ.

ಮೂರು ತಿಂಗಳಲ್ಲಿ ಆ ಜಂಬದವನೇ ಅವಳಿಗೆ ಬೇಕಾದವನಾಗಿಬಿಟ್ಟ. ಊರಿಗೆ ಹೋಗಿ ಬಂದಾಗ ಪೇಪರಿನಲ್ಲಿ ಸುತ್ತಿದ ಶೇಂಗಾ ಹೋಳಿಗೆಯನ್ನು ಕೌಂಟರಿನ ಮೇಲಿಟ್ಟು, ಮಾತಾಡದೆ ಹೊರಟುಹೋಗಿದ್ದ. ಅವತ್ತು ರಾತ್ರಿ ಅವಳು ಊಟವನ್ನೇ ಮಾಡಲಿಲ್ಲ, ಹೋಳಿಗೆಯಲ್ಲೇ ಹೊಟ್ಟೆ ತುಂಬಿಸಿಕೊಂಡಳು.

ಆದರೆ ಬಾಯಿ ಬಿಟ್ಟು ಒಂದು ಮಾತು? ಊಹೂಂ.

ಹೊಸ ಚೂಡಿದಾರ ಹಾಕಿಕೊಂಡು ಬಂದ ದಿನ ಅವಳೇ ನಾಚಿಕೆ ಬಿಟ್ಟು ಕೇಳಿದ್ದಳು.

"ಹೇಗುಂಟು?"

"ಚಂದ ಐತ್ರಿ."

"ಬಣ್ಣ?"

ಅವನು ಹೊರಗೆ ನಿಂತಿದ್ದ ಬಸ್ಸನ್ನು ನೋಡಿದ. "ಚಂದ ಐತ್ರಿ," ಎಂದು ಹೇಳಿ ಡಬ್ಬಿ ಎತ್ತಿಕೊಂಡು ನಡೆದ.

ಗೋಡೆಯ ಹತ್ತಿರ ಕೇಳಿದ್ದರೂ ಇದಕ್ಕಿಂತ ಒಳ್ಳೆಯ ಉತ್ತರ ಸಿಗುತ್ತಿತ್ತು. ಕುಶಲಾಳಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಬಂತು ನೋಡಿ, ಅಂಗಡಿಯ ಗಿರಾಕಿ ಲೊರ್ನಾ ಬಾಯಮ್ಮನ ಬಚ್ಚಲುಮನೆ.

ಮಂಗಳೂರಿನಿಂದ ತರಿಸಿದ ಎರಡು ಬಿಳಿ ಕಪಾಟು. ಅದಕ್ಕೆ ಹೊಂದುವ ಒಂದು ಬಣ್ಣ ಗೋಡೆಗೆ ಬೇಕು. ಕೇಳಲಿಕ್ಕೆ ಎಷ್ಟು ಸುಲಭ, ಅಲ್ಲವೇ? ಮಗಳು ಸೆಲೀನಳ ಮದುವೆ ಗೊತ್ತಾಗಿತ್ತು. ಶನಿವಾರ ರೋಸ್, ಅಂದರೆ ಮದುಮಗಳಿಗೆ ತೆಂಗಿನಹಾಲು ಎರೆಯುವ ಶಾಸ್ತ್ರ. ಶಾಸ್ತ್ರ ಮುಗಿಸಿ ಅವಳು ಸ್ನಾನಕ್ಕೆ ಹೋಗುವುದು ಇದೇ ಬಚ್ಚಲಿಗೆ, ನೆಂಟರೆಲ್ಲ ಇಣುಕುವುದೂ ಇಲ್ಲಿಗೇ.

ಮೊದಲು ಭೀಮೇಶನ ಕೈಯಲ್ಲಿ ಕ್ರೀಮ್ ಬಳಿಸಿದರು. "ಬಿಳಿ ಪಕ್ಕದಲ್ಲಿ ಕೊಳೆ ಹಿಡಿದ ಹಾಗೆ ಕಾಣ್ತದೆ," ಎಂದರು ಬಾಯಮ್ಮ. ನೀಲಿ ಬಳಿಸಿದರು. "ಆಸ್ಪತ್ರೆ ಹಾಗೆ ಆಯ್ತಲ್ಲ ಮಾರಾಯ್ತಿ." ಬೂದು ಬಣ್ಣದ ತುಣುಕು ನೋಡಿದ್ದೇ, "ಸಿಮೆಂಟೇ ಸಾಕಿತ್ತು," ಎಂದುಬಿಟ್ಟರು.

ಪ್ರತಿ ಸಲವೂ ಭೀಮೇಶ ಅಂಗಡಿಗೆ ಬರುವುದು, ನಂಬರ್ ಬರೆದುಕೊಳ್ಳುವುದು, ಹೋಗುವುದು.

"ನಿಮಗೆ ಎಂತ ಅನಿಸ್ತದೆ, ಅದನ್ನಾದರೂ ಹೇಳಿ," ಎಂದು ಕುಶಲಾ ಗೋಗರೆದಳು.

"ನೀವು ಹೇಳಿದ್ದ ಸರಿ ರೀ. ಈ ಬಚ್ಚಲಮನಿ ಒಪ್ಪಿದ್ರ ಇಡೀ ಮನಿ ಕೆಲಸ ಕೊಡ್ತಾರಂತ. ಇಲ್ಲಾಂದ್ರ ಗೋವಾಕ್ಕ ಹೋಗಬೇಕ್ರಿ. ಅಲ್ಲಿ ನಮ್ಮೂರವರು ಅದಾರ."

ಗೋವಾ! ಅವಳು ತೆರೆದಿದ್ದ ಶೇಡ್ ಕಾರ್ಡನ್ನು ಪಟ್ಟನೆ ಮಡಚಿದಳು. ಅವನು ಮಾತ್ರ ಉಡುಪಿಗೆ ಹೋಗಿ ಬರುತ್ತೇನೆ ಎಂಬಷ್ಟು ಸಲೀಸಾಗಿ ಹೇಳಿದ್ದ.

ಕುಶಲಾ ಹಟಕ್ಕೆ ಬಿದ್ದಳು. ಬಾಯಮ್ಮನ ಕಪಾಟಿನ ಒಂದು ಬಾಗಿಲನ್ನೇ ಅಂಗಡಿಗೆ ತರಿಸಿಕೊಂಡು, ಪಕ್ಕದಲ್ಲಿ ಒಂದೊಂದೇ ಶೇಡ್ ಇಟ್ಟು ನೋಡಿದಳು. ಬಿಳಿ ಇನ್ನೂ ಬೆಳ್ಳಗೆ ಕಾಣಬೇಕು, ಗೋಡೆ ತಂಪಾಗಿರಬೇಕು. ಕೊನೆಗೆ ಎಳೆ ಬಾಳೆ ಸುಳಿಯಂಥ ಹಸಿರು ಸಿಕ್ಕಿತು. ನಂಬರ್ ೪೧೭. ಬಾಯಮ್ಮ ಅದನ್ನು ಒಪ್ಪಿಕೊಂಡರು. ಬುಧವಾರ ಅವಳು ಬಣ್ಣ ಕಲಸಿ, ಮುಚ್ಚಳದ ಮೇಲೆ ಮಾರ್ಕರಿನಿಂದ ನಂಬರ್ ಬರೆದು ಕಳಿಸಿದಳು.

ಗುರುವಾರ ಮಧ್ಯಾಹ್ನ ಅಂಗಡಿಯ ಫೋನ್ ಹೊಡೆದುಕೊಂಡಿತು.

"ಕುಶಲಾ, ಈಗಲೇ ಬಾ. ನಿನ್ನ ಪೇಂಟರ್ ಎಂತ ಮಾಡಿಟ್ಟಿದ್ದಾನೆ ನೋಡು!"

ಅವಳು ರಿಕ್ಷಾ ಹಿಡಿದು ಬಾಯಮ್ಮನ ಮನೆಗೆ ಓಡಿದಳು. ನಾಲ್ಕೂ ಗೋಡೆ ಗುಲಾಬಿ. ನಡುವೆ ಆ ಬಿಳಿ ಕಪಾಟುಗಳು.

"ಗೋಡೆ ಒಸಡಿನ ಹಾಗೆ, ಕಪಾಟು ಹಲ್ಲಿನ ಹಾಗೆ," ಎಂದರು ಬಾಯಮ್ಮ ನಡುಗುವ ದನಿಯಲ್ಲಿ. "ನಾಡಿದ್ದು ರೋಸ್. ನಾನು ಎಲ್ಲಿಗೆ ಹೋಗಿ ಬೀಳಲಿ?" ಎನ್ನುತ್ತ ಒಳಗೆ ಹೋಗಿ ಕುಳಿತರು.

ಕುಶಲಾಳಿಗೆ ಸಿಟ್ಟು ನೆತ್ತಿಗೇರಿತು. ಮೂರು ತಿಂಗಳ ಸಿಟ್ಟೂ ಅದರೊಟ್ಟಿಗೆ ಸೇರಿಕೊಂಡಿತು.

"ನಂಬರ್ ತಪ್ಪು ಬರ್ಕೊಂಡಿದ್ದೀರಿ. ಕೊಡಿ ಆ ಪುಸ್ತಕ."

ಅವನ ಜೇಬಿನಿಂದ ಪುಟ್ಟ ಪುಸ್ತಕವನ್ನು ಕಸಿದು ನೋಡಿದಳು. ೪೧೭. ಸರಿಯಾಗಿಯೇ ಇತ್ತು. ಡಬ್ಬಿಯ ಮುಚ್ಚಳ ತಿರುಗಿಸಿದಳು. ೪೧೭. ಅವಳದೇ ಅಕ್ಷರ.

ಆಗ ನೆನಪಾಯಿತು. ಬುಧವಾರ ಅಂಗನವಾಡಿಯ ಗೋಡೆಗೆಂದು ಗುಲಾಬಿ ಬಣ್ಣವನ್ನೂ ಇದರ ಜೊತೆಗೇ ಕಲಸಿದ್ದಳು. ಎರಡು ಡಬ್ಬಿ, ಎರಡು ಮುಚ್ಚಳ... ಅದಲುಬದಲು ಮಾಡಿದ್ದು ತಾನೇ!

ತಪ್ಪು ತನ್ನದೆಂದು ಗೊತ್ತಾದರೂ ಬಾಯಿ ಸುಮ್ಮನಿರಲಿಲ್ಲ.

"ಡಬ್ಬಿ ತೆಗೆದಾಗ ಆದರೂ ಕಾಣ್ಲಿಲ್ವಾ? ಹಸಿರಿಗೂ ಗುಲಾಬಿಗೂ ವ್ಯತ್ಯಾಸ ಗೊತ್ತಾಗುದಿಲ್ವಾ? ನಿಮಗೆ ಕಣ್ಣಿಲ್ವಾ?"

ಭೀಮೇಶನ ಮುಖ ಬಿಳುಚಿಕೊಂಡಿತು.

"ಗೊತ್ತಾಗಂಗಿಲ್ರಿ," ಎಂದ ಮೆಲ್ಲಗೆ. "ನನಗ ಎರಡೂ ಒಂದ ಕಾಣ್ತಾವು. ಹುಟ್ಟಿದಾಗಿಂದ ಹಂಗ ಐತಿ. ಬಣ್ಣ ತಿಳೀದ ಪೇಂಟರ್‌ಗೆ ಯಾರ್ರಿ ಕೆಲಸ ಕೊಡ್ತಾರ? ಅದಕ್ಕ ನಂಬರ್ ಬರಕೋತೀನಿ. ಯಾರಿಗೂ ಹೇಳಿಲ್ಲ."

ಕುಶಲಾ ಮುಚ್ಚಳವನ್ನು ಮೆಲ್ಲಗೆ ಡಬ್ಬಿಯ ಮೇಲಿಟ್ಟಳು.

"ಇನ್ನ ಈ ಕಡೆ ನನಗ ಕೆಲಸ ಸಿಗಂಗಿಲ್ಲ. ನಾಳೆ ಗೋವಾಕ್ಕ ಹೋಗ್ತೀನ್ರಿ." ಬ್ರಷ್‌ಗಳನ್ನು ಎತ್ತಿಕೊಂಡು ಹೊರಗಿನ ನಲ್ಲಿಯ ಕಡೆಗೆ ನಡೆದುಬಿಟ್ಟ.

ಪುಸ್ತಕ ಅವಳ ಕೈಯಲ್ಲೇ ಉಳಿಯಿತು. ಏನು ಮಾಡಬೇಕೆಂದು ತಿಳಿಯದೆ ಹಾಳೆ ಮಗುಚಿದಳು. ನಂಬರ್, ನಂಬರ್, ಮತ್ತೆ ನಂಬರ್. ಹಿಂದಿನ ಪುಟಗಳಲ್ಲಿ ಮಾತ್ರ ಬೇರೆ ಏನೋ ಇತ್ತು.

'ಫೆಬ್ರವರಿ ೧೨. ಕುಶಲಾ. ಹೊಸ ಚೂಡಿದಾರ. ಹಸಿರಂತ. ಚಾದಂಗಡಿಯವ ಹೇಳಿದ.'

'ಮಾರ್ಚ್ ೩. ಕುಶಲಾ. ಅಬ್ಬಲಿಗೆ ಮುಡಿದಾಳ. ಕೇಸರಿ ಅಂತ. ಬಸ್ ಕಂಡಕ್ಟರ್ ಹೇಳಿದ.'

'ಮಾರ್ಚ್ ೨೦. ಕುಶಲಾ. ಬಿಳಿ ದುಪಟ್ಟಾ. ಇದು ನನಗ ಕಾಣ್ತು.'

ಅಕ್ಷರಗಳು ಮಂಜಾದವು. ಆ ದಿನ ಬಸ್ಸಿನ ಕಡೆ ನೋಡುತ್ತ ನಿಂತವನನ್ನು ಎಷ್ಟು ಬೈದುಕೊಂಡಿದ್ದೆ! ಇವನು ಊರವರನ್ನೆಲ್ಲ ಕೇಳಿ ನನ್ನ ಬಣ್ಣ ಬರೆದಿಟ್ಟುಕೊಂಡಿದ್ದಾನೆ... ಕಣ್ಣಿಲ್ವಾ ಎಂದು ಕೇಳಿದೆನಲ್ಲ, ನನ್ನ ಬಾಯಿಗೆ ಬೆಂಕಿ ಬೀಳಲಿ!

ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ನೇರ ಲೊರ್ನಾ ಬಾಯಮ್ಮನ ಮುಂದೆ ಹೋಗಿ ನಿಂತಳು.

"ಬಾಯಮ್ಮ, ಮುಚ್ಚಳ ಅದಲುಬದಲು ಮಾಡಿದ್ದು ನಾನು. ಅವರದ್ದು ಏನೂ ತಪ್ಪಿಲ್ಲ."

"ಬಣ್ಣ ಬೇರೆ ಉಂಟು ಅಂತ ಅವನು ಹೇಳಬಹುದಿತ್ತಲ್ವಾ?"

"ನಂಬರ್ ಬರೆದದ್ದು ನಾನು. ನನ್ನನ್ನು ನಂಬಿ ಬಳಿದ್ರು. ನಾಳೆ ಸಂಜೆಯೊಳಗೆ ಹಸಿರು ಮಾಡಿಸಿ ಕೊಡ್ತೇನೆ. ಆಗದಿದ್ರೆ ನಮ್ಮ ಸಾಹುಕಾರರಿಗೆ ಹೇಳಿ, ನನ್ನನ್ನೇ ಕೆಲಸದಿಂದ ತೆಗೀಲಿ."

ಬಾಯಮ್ಮ ಅವಳ ಕೆಂಪಾದ ಕಣ್ಣುಗಳನ್ನು ನೋಡಿದರು. ಕಿಟಕಿಯಾಚೆ, ನಲ್ಲಿಯ ಬಳಿ ಬ್ರಷ್ ಹಿಡಿದು ಕಲ್ಲಿನಂತೆ ನಿಂತವನನ್ನೂ ನೋಡಿದರು. "ನಾಳೆ ಸಂಜೆ ಐದು ಗಂಟೆ," ಎಂದರು ಅಷ್ಟೇ.

ಕುಶಲಾ ಹೊರಗೆ ಬಂದಳು.

"ಯಾಕ್ರಿ ನಿಮ್ಮ ಮೈಮ್ಯಾಲ ಹಾಕ್ಕೊಂಡ್ರಿ?" ಕಿಟಕಿಯಿಂದ ಎಲ್ಲವೂ ಅವನಿಗೆ ಕೇಳಿಸಿತ್ತು.

"ಗೋವಾಕ್ಕೆ ಆಮೇಲೆ ಹೋಗುವಿರಂತೆ. ಮೊದಲು ನನ್ನ ಗೋಡೆ ಸರಿಮಾಡಿ."

ಶುಕ್ರವಾರ ಅವಳು ರಜೆ ಹಾಕಿ, ಡಬ್ಬಿಯ ಮುಚ್ಚಳವನ್ನು ತಾನೇ ತೆಗೆದು, ಬಣ್ಣವನ್ನು ಕಣ್ಣಾರೆ ನೋಡಿ ಕೊಟ್ಟಳು. ಒಂದು ಕೋಟ್ ಆಗಿ, ಒಣಗಿ, ಎರಡನೆಯದೂ ಆಯಿತು. ಗುಲಾಬಿ ಎಲ್ಲಾದರೂ ಇಣುಕುತ್ತಿದೆಯೇ ಎಂದು ಅವಳು ಬೆರಳು ತೋರಿಸುವುದು, ಅವನು ಅಲ್ಲಿಗೆ ಬ್ರಷ್ ಹಿಡಿಯುವುದು. ಐದು ಗಂಟೆಗೆ ಬಾಯಮ್ಮ ಬಂದು ನೋಡಿದರು. ಎಳೆ ಹಸಿರಿನ ನಡುವೆ ಕಪಾಟುಗಳು ಈಗ ತಾನೇ ತೊಳೆದಿಟ್ಟ ಹಾಗಿದ್ದವು.

"ಈಗ ನೋಡು, ಕಪಾಟಿಗೊಂದು ಕಳೆ ಬಂತು," ಎಂದರು. "ಸೋಮವಾರದ ಮದುವೆ ಮುಗೀಲಿ ಭೀಮೇಶ, ಆಮೇಲೆ ಇಡೀ ಮನೆ ನಿನ್ನದೇ. ಬಣ್ಣ ಮಾತ್ರ ಕುಶಲಾ ಹೇಳಲಿ."

ಬಾಯಮ್ಮ ಹೋದ ಮೇಲೆ ಅವಳು ಪುಸ್ತಕವನ್ನು ಅವನ ಮುಂದೆ ಹಿಡಿದಳು.

"ಎಲ್ಲಾ ಓದಿದೆ."

ಅವನು ತಲೆ ತಗ್ಗಿಸಿದ.

"ಇಷ್ಟೆಲ್ಲ ಬರೆಯುವವರಿಗೆ ನನ್ನ ಹತ್ತಿರ ಒಂದು ಮಾತು ಹೇಳಲಿಕ್ಕೆ ಎಂತ ಆಗಿತ್ತು?"

"ಹೆದರಿಕಿ ಆಗಿತ್ರಿ. ನೀವು ದಿನಾ ಬಣ್ಣದಾಗ ಇರೋರು. ನನ್ನಂಥವನ್ನ ಹೆಂಗ ಮೆಚ್ಚತೀರಿ ಅಂತ..." ಅವನು ತಡೆದು, ಒಮ್ಮೆಲೇ ಹೇಳಿಬಿಟ್ಟ. "ನೀವಂದ್ರ ನನಗ ಜೀವ ರೀ."

"ನನಗೂ," ಎಂದಳು ಅವಳು. "ಗೋವಾ?"

"ಹೋಗಂಗಿಲ್ರಿ."

"ಹಾಗಾದರೆ ಇವತ್ತು ನಾನು ಹಾಕಿದ ಚೂಡಿದಾರದ ಬಣ್ಣ ಹೇಳಿ ನೋಡುವ."

ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ. ಬಹಳ ಹೊತ್ತು ನೋಡಿದ.

"ತಿಳೀವಲ್ದು. ಯಾರನ್ನಾರ ಕೇಳಿ ಬರಲೇನ್ರಿ?"

"ಬೇಡ. ಇನ್ನು ನನ್ನನ್ನೇ ಕೇಳಿ."

"ದಿನಾ?"

"ದಿನಾ."

ಅವಳು ಅವನ ಜೇಬಿನಿಂದ ಪೆನ್ನು ತೆಗೆದು, ಹಿಂದಿನ ಪುಟದಲ್ಲಿ ತಾನೇ ಬರೆದು ಪುಸ್ತಕವನ್ನು ಅವನ ಕೈಗಿಟ್ಟಳು.

'ಏಪ್ರಿಲ್ ೨೩. ಕುಶಲಾ. ಗುಲಾಬಿ. ಅವಳೇ ಹೇಳಿದಳು.'